ಹಿಂದೂ ಮುಂದೂ ಒಂದೇ ಕಾಣುವ ತೋರಣ

ಪ್ರಶ್ನೆ: ದೀಪಾವಳಿಗೆ ನಮ್ಮ ಬಡಾವಣೆಯ ಸಮುದಾಯ ಭವನದ ಎರಡು ಬಾಗಿಲಿಗೆ ಕಸೂತಿ ತೋರಣ ಕಟ್ಟಬೇಕೆಂದಿದ್ದೇವೆ. 14 ಮಂದಿ ಇದ್ದೇವೆ, ಹೆಚ್ಚಿನವರು ಹೊಸಬರು. ಮೂರು ಭಾನುವಾರ ಎರಡೆರಡು ಗಂಟೆ ಸಿಗುತ್ತದೆ. ಯಾರಿಗೂ ಒತ್ತಡವಾಗದಂತೆ ನಡೆಸುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಒಬ್ಬರಿಗೆ ತೋರಣದ ಒಂದೇ ಬಟ್ಟೆಯ ಎಲೆ ಕೊಡಿ. 36 ಇಂಚಿನ ಬಾಗಿಲಿಗೆ 4 ಇಂಚು ಅಗಲ, 5 ಇಂಚು ಉದ್ದದ 7 ಎಲೆ ಸಾಕು. ನಡುವೆ ಒಂದೊಂದು ಇಂಚು ಬಿಟ್ಟರೆ ಸರಿಹೋಗುತ್ತದೆ. ಎರಡು ತೋರಣಕ್ಕೆ 14 ಎಲೆ, ನೀವೂ 14 ಮಂದಿ. 36 ಇಂಚು ಪನ್ನದ (ಅಗಲದ) ಮ್ಯಾಟಿ ಬಟ್ಟೆ, ಅಂದರೆ ಎಣಿಸಲು ಬರುವಂತೆ ಚೌಕಚೌಕವಾಗಿ ನೇಯ್ದ ಬಟ್ಟೆ, ಅರ್ಧ ಮೀಟರ್ ತನ್ನಿ. 5 ಇಂಚು ಅಗಲ, 6 ಇಂಚು ಉದ್ದಕ್ಕೆ ಕತ್ತರಿಸಿದರೆ 21 ತುಂಡು ಬರುತ್ತವೆ. ಉಳಿಯುವ 7 ತುಂಡು ಕೈ ಪಳಗಿಸಿಕೊಳ್ಳಲು. ಎಲೆಯ ತುದಿಯನ್ನು ಚೂಪು ಮಾಡಬೇಡಿ. ಮ್ಯಾಟಿಯನ್ನು ಓರೆಯಾಗಿ ಕತ್ತರಿಸಿದರೆ ನೂಲು ಬಿಡುತ್ತದೆ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆ. ನೀವು ಮೊದಲ ಎರಡನ್ನೇ ಹಿಡಿಯಿರಿ. ಗವಂತಿ ನೇರ ಗೆರೆ, ಮುರ್ಗಿ ಮೆಟ್ಟಿಲಿನ ಹಾಗೆ. ಎರಡರಲ್ಲೂ ಬಟ್ಟೆಯ ಎರಡು ಬದಿ ಒಂದೇ ಥರ ಕಾಣುತ್ತದೆ. ಬಾಗಿಲ ತೋರಣವನ್ನು ಒಳಗೆ ಬರುವವರೂ ನೋಡುತ್ತಾರೆ, ಹೊರಗೆ ಹೋಗುವವರೂ ನೋಡುತ್ತಾರೆ. ಈ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೊಲಿಗೆ ಇಲ್ಲ. ಲೈನಿಂಗ್ ಕೂಡ ಬೇಡ. ಮೆಂತೆ ಹಾಕಿದರೆ ಹಿಂಬದಿ ಬೇರೆಯಾಗಿ ಕಾಣುತ್ತದೆ.

24ನೇ ನಂಬರಿನ ಮೊಂಡು ತುದಿಯ ಸೂಜಿ, ಆರೆಳೆ ದಾರದಲ್ಲಿ ಎರಡೆಳೆ, ಒಂದು ಮೊಳ ಉದ್ದ. ಉದ್ದ ಹೆಚ್ಚಾದರೆ ದಾರ ಸಿಕ್ಕಾಗುತ್ತದೆ, ನವೆದು ನಾರು ಏಳುತ್ತದೆ. 8 ಮೀಟರಿನ ಒಂದು ಲಡಿಯಿಂದ ಇಂಥ 50 ತುಂಡು ಸಿಗುತ್ತವೆ, ಆದ್ದರಿಂದ ನಾಲ್ಕು ಬಣ್ಣಕ್ಕೆ ನಾಲ್ಕು ಲಡಿ ಧಾರಾಳ.

ಮೊದಲ ಭಾನುವಾರ ಬರೀ ಗೆರೆ. ಹೋಗುವಾಗ ಒಂದು ಮನೆ (ಮ್ಯಾಟಿಯ ಒಂದು ಚೌಕ) ಹೊಲಿದು ಒಂದು ಮನೆ ಬಿಡಬೇಕು, ಬರುವಾಗ ಬಿಟ್ಟದ್ದನ್ನು ತುಂಬಬೇಕು. ತುಂಬುವಾಗ ಸೂಜಿ ಪ್ರತಿ ಸಲವೂ ಹಳೆಯ ಹೊಲಿಗೆಯ ಮೇಲ್ಬದಿಯಿಂದ ಎದ್ದು ಕೆಳಬದಿಯಲ್ಲಿ ಇಳಿಯಲಿ, ಇಲ್ಲದಿದ್ದರೆ ಗೆರೆ ಹಲ್ಲುಹಲ್ಲಾಗಿ ಕಾಣುತ್ತದೆ. ಗಂಟು ಹಾಕಬಾರದು. ಮೂರು ಬೆರಳಿನಷ್ಟು ದಾರ ಬಿಟ್ಟು ಶುರುಮಾಡಿ, ಆಮೇಲೆ ಅದನ್ನು ಅದೇ ಬಣ್ಣದ ಹೊಲಿಗೆಯಡಿ ಸಿಕ್ಕಿಸಿ.

ಎಡವುವುದು ಎಣಿಕೆಯಲ್ಲಿ. ಒಂದು ಮನೆ ತಪ್ಪಿದರೂ ಮರಳಿ ಬಂದಾಗ ಗೋಪುರದ ಚಿತ್ತಾರದ ಎರಡು ಬದಿ ಕೂಡುವುದಿಲ್ಲ. ಹತ್ತು ಮನೆಗೊಮ್ಮೆ ಪಕ್ಕದವರು ಎಣಿಸಿ ನೋಡಲಿ. ಕೂಡಿ ಕೂರುವುದರ ನಿಜವಾದ ಲಾಭ ಇದೇ. ಕವಲು ಬಂದಲ್ಲಿ ಅದರ ತುದಿಗೆ ಹೋಗಿ, ತುಂಬುತ್ತ ಹಿಂದಿರುಗಿ, ಮುಂದೆ ಸಾಗಿ. ಖಾಲಿ ಜಾಗ ದಾಟಿ ದಾರ ಎಳೆದರೆ ಹಿಂಬದಿಯಲ್ಲಿ ಎದ್ದು ಕಾಣುತ್ತದೆ.

ಎರಡನೆಯ ಭಾನುವಾರ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನಡು ಗುರುತಿಸಿ, ಅಲ್ಲಿಂದ ಆರಂಭಿಸಿ. ಇಂಚಿಗೆ 11 ಮನೆ ಇರುವ ಮ್ಯಾಟಿಯಲ್ಲಿ 32 ಮನೆಯ ಗೋಪುರ ಸುಮಾರು 3 ಇಂಚಾಗುತ್ತದೆ. ಹೊಸಬರಿಗೆ 16 ಮನೆಯ ತುಳಸಿಕಟ್ಟೆ ಸಾಕು, ಸುತ್ತಲಿನ ಖಾಲಿ ಜಾಗ ಚೆಂದವೇ. ಮುಗಿಯದವರು ಮನೆಗೆ ಒಯ್ಯಲಿ. ಚಹಾದ ಮೇಜು ದೂರ ಇರಲಿ. ಅರಿಶಿನ ಹತ್ತಿದ ಕೈಯಲ್ಲಿ ಯಾರೂ ಬಟ್ಟೆ ಮುಟ್ಟದಿರಲಿ.

ಮೂರನೆಯ ವಾರ ಜೋಡಣೆ. ಎರಡು ಪಕ್ಕ ಮತ್ತು ಕೆಳಗಿನ ಅಂಚನ್ನು ಕಾಲು ಇಂಚಿನಂತೆ ಎರಡು ಸಲ ಮಡಚಿ ಹೊಲಿಯಿರಿ. ಮೇಲಿನ ಅರ್ಧ ಇಂಚು ಎಲೆಗಳನ್ನು ಹಿಡಿದಿಡುವ ಪಟ್ಟಿಯೊಳಗೆ ಹೋಗಬೇಕು. ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಸಿಕ್ಕರೆ ಪಟ್ಟಿಗೆ ಅದನ್ನೇ ಬಳಸಿ: 37 ಇಂಚು ಉದ್ದ, 3 ಇಂಚು ಅಗಲ, ಉದ್ದ ಸಾಲದಿದ್ದರೆ ಜೋಡಿಸಿಕೊಳ್ಳಿ. ಎರಡು ತುದಿಗೂ ನಡುವಿಗೂ ಕುಣಿಕೆ ಇರಲಿ, ಇಲ್ಲದಿದ್ದರೆ ತೋರಣ ನಡುವೆ ಜೋಲುತ್ತದೆ.

ಪ್ರಶ್ನೆ: ಹೋದ ವರ್ಷದ ಕಸೂತಿ ತೋರಣ ಒಗೆದಾಗ ಕೆಂಪು ದಾರ ಬಣ್ಣ ಬಿಟ್ಟಿತು. ಹಾಗಾದಾಗ ಏನು ಮಾಡಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಒಣಗಲು ಬಿಡಬೇಡಿ. ಕೂಡಲೇ ಬಕೆಟ್ ತುಂಬ ತಣ್ಣೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ ನೆನೆಸಿ, ನೀರು ತಿಳಿಯಾಗುವವರೆಗೆ ಬದಲಿಸುತ್ತಿರಿ. ಕಲೆ ಹೋಗುವ ಮೊದಲು ಇಸ್ತ್ರಿ ಮಾಡಿದರೆ ಬಣ್ಣ ಕಚ್ಚಿಕೊಳ್ಳುತ್ತದೆ. ಮುಂದಿನ ಸಲ ಕೆಂಪು, ಕಡುಹಸಿರು ದಾರವನ್ನು ಹೊಲಿಯುವ ಮುನ್ನವೇ ಒದ್ದೆ ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ ನೋಡಿ. ಬಣ್ಣ ಹತ್ತಿದರೆ ಲಡಿಯನ್ನೇ ಒಗೆದು ನೆರಳಲ್ಲಿ ಒಣಗಿಸಿ.

ಪ್ರಶ್ನೆ: ಚಂದ್ರಕಾಳಿ ಸೀರೆಯಂತೆ ಕಪ್ಪು ಬಟ್ಟೆಯ ಮೇಲೇ ಕಸೂತಿ ಹಾಕಬೇಕೆಂದು ನಮ್ಮ ಗುಂಪಿನ ಹಿರಿಯರ ಆಸೆ. ಆದರೆ ಎಳೆಯೇ ಕಾಣುವುದಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಲಿ, ಬಟ್ಟೆಯ ಸಂದುಗಳು ಬೆಳ್ಳಗೆ ಕಾಣುತ್ತವೆ. ಹಗಲು ಬೆಳಕಿನಲ್ಲಿ ಕಿಟಕಿಯ ಪಕ್ಕ ಕೂರಿಸಿ. ಸಂಜೆಯ ಗುಂಪಾದರೆ ಕಪ್ಪು ಬೇಡ, ಕೆನೆಬಣ್ಣವೇ ಇರಲಿ.