ಯಹೂದಿ ಮಕ್ಕಳಿಗೆ ‘ಜಗತ್ತಿನ ದುರಸ್ತಿ’ಯನ್ನು ಹೇಗೆ ಕಲಿಸುತ್ತಾರೆ? ಅದು ನಮ್ಮ ದಾನಧರ್ಮಕ್ಕಿಂತ ಬೇರೆಯೇ?

ನಾನು ಯಹೂದಿಯಲ್ಲ. ನ್ಯೂಜೆರ್ಸಿಯಲ್ಲಿ ನಮ್ಮ ಮನೆಯ ಹತ್ತಿರ, ಯಹೂದಿಗಳು ಪ್ರಾರ್ಥನೆಗೆ ಸೇರುವ ಸಿನಗಾಗ್‌ನ ನೆಲಮಾಳಿಗೆಯಲ್ಲಿ ಒಂದು ಫುಡ್ ಪ್ಯಾಂಟ್ರಿ ಇದೆ. ಕೈಯಲ್ಲಿ ಕಾಸಿಲ್ಲದವರಿಗೆ ದಿನಸಿ ಕೊಡುವ ಜಾಗ. ಆರು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಅಲ್ಲಿ ಹನ್ನೆರಡು, ಹದಿಮೂರು ವಯಸ್ಸಿನ ಮಕ್ಕಳ ಜೊತೆ ಡಬ್ಬಿಗಳನ್ನು ಜೋಡಿಸುತ್ತೇನೆ. ನಾನು ಹೇಳುವುದೆಲ್ಲ ಅಲ್ಲಿ ಕಂಡು, ಕೇಳಿ, ಆಮೇಲೆ ಓದಿ ತಿಳಿದದ್ದು.

‘ಜಗತ್ತಿನ ದುರಸ್ತಿ’ಯ ಮೂಲ ಹೀಬ್ರೂ ಪದ ‘ತಿಕ್ಕುನ್ ಓಲಾಮ್’. ಸುಮಾರು 1,800 ವರ್ಷಗಳ ಹಿಂದೆ ಸಂಕಲಿತವಾದ ಯಹೂದಿ ಧರ್ಮಶಾಸ್ತ್ರ ಗ್ರಂಥ ಮಿಶ್ನಾದಲ್ಲಿ ಅದು ಕಾನೂನಿನ ಮಾತು. ಹೆಂಡತಿಗೆ ವಿಚ್ಛೇದನ ಪತ್ರ ಕಳುಹಿಸಿದವನು, ಅದು ಅವಳ ಕೈ ಸೇರುವ ಮುನ್ನ ಬೇರೆ ಊರಿನಲ್ಲಿ ನ್ಯಾಯಮಂಡಳಿ ಕೂಡಿಸಿ ಅದನ್ನು ರದ್ದುಮಾಡಬಹುದಿತ್ತು. ಪಾಪ, ಆಕೆಗೆ ಸುದ್ದಿಯೇ ಇರುತ್ತಿರಲಿಲ್ಲ. ‘ಲೋಕದ ಸುವ್ಯವಸ್ಥೆಗಾಗಿ’ ಯಹೂದಿ ಧರ್ಮಗುರುಗಳಾದ ರಬ್ಬಿಗಳು ಅದನ್ನು ನಿಷೇಧಿಸಿದರು. ಹದಿನಾರನೆಯ ಶತಮಾನದಲ್ಲಿ ಸಫೇದ್ ಊರಿನ ಅನುಭಾವಿ ಐಸಾಕ್ ಲೂರಿಯಾ ಇನ್ನೊಂದು ಅರ್ಥ ತುಂಬಿದರು: ದೈವಿಕ ಬೆಳಕನ್ನು ಹಿಡಿದಿದ್ದ ಪಾತ್ರೆಗಳು ಒಡೆದಿವೆ, ಚೆದುರಿದ ಕಿಡಿಗಳನ್ನು ಮನುಷ್ಯ ತನ್ನ ಕರ್ಮದಿಂದ ಒಟ್ಟುಗೂಡಿಸಬೇಕು. ಸಮಾಜಸೇವೆ ಎಂಬ ಇಂದಿನ ಅರ್ಥ ಹರಡಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಹೆಚ್ಚಾಗಿ ಅಮೆರಿಕದ ಉದಾರ ಪಂಥಗಳಲ್ಲಿ.

ಆದರೆ ಮಕ್ಕಳ ಕಿವಿಗೆ ಹೆಚ್ಚು ಬೀಳುವ ಪದ ‘ತ್ಸೆದಾಕಾ’. ನಾವು ಅದನ್ನು ದಾನ ಎಂದುಬಿಡುತ್ತೇವೆ. ಅದರ ಬೇರು ಇರುವುದು ನ್ಯಾಯ ಎಂಬ ಅರ್ಥದ ಪದದಲ್ಲಿ. ಕೊಡುವುದು ಔದಾರ್ಯವಲ್ಲ, ಸಲ್ಲಬೇಕಾದ ಬಾಕಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ‘ದಾನಿ’ ಎಂದೊಡನೆ ನಮ್ಮ ಕಣ್ಣಿಗೆ ಎತ್ತರದಲ್ಲಿ ನಿಂತವನು ಕಾಣುತ್ತಾನೆ. ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತೇವೆ. ನಮ್ಮ ಪದಗಳಲ್ಲಿ ಇದಕ್ಕೆ ಹತ್ತಿರ ಬರುವುದು ದಾಸೋಹ. ಅಲ್ಲಿ ಬಡಿಸುವವನೇ ದಾಸ.

ಒಂದು ಘಟನೆ ಹೇಳಬೇಕು. ಪಾಸೋವರ್ ಹಬ್ಬದ ದಿನಗಳಲ್ಲಿ ಹುದುಗುವ ಧಾನ್ಯದ ಪದಾರ್ಥ ಮನೆಯಲ್ಲಿ ಇರಬಾರದು, ಆದ್ದರಿಂದ ಹಬ್ಬಕ್ಕೆ ಮುನ್ನ ಒಡೆಯದ ಪಾಸ್ತಾ, ಬಿಸ್ಕತ್ತು ಪೊಟ್ಟಣಗಳನ್ನು ಹಲವರು ತಂದು ಸುರಿಯುತ್ತಾರೆ. ಅಂಥ ಒಂದು ಭಾನುವಾರ, ದಿನಸಿ ಪಡೆದ ಅಜ್ಜಿಯೊಬ್ಬರು ಹೊರಡದೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಮಡಚತೊಡಗಿದರು. ಹುಡುಗನೊಬ್ಬ ಓಡಿಬಂದು, “ಬಿಡಿ, ನೀವು ಕುಳಿತುಕೊಳ್ಳಿ, ನಾವು ಮಾಡುತ್ತೇವೆ” ಎಂದ. ಶಿಕ್ಷಕಿ ಅವನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು.

ಕೆಲಸ ಮುಗಿದ ಮೇಲೆ ಮಕ್ಕಳನ್ನು ಮಹಡಿಯ ತರಗತಿಯಲ್ಲಿ ಕೂರಿಸಿ ಹನ್ನೆರಡನೆಯ ಶತಮಾನದ ಪಂಡಿತ ಮೈಮೊನಿಡೀಸ್ ಬರೆದ ನಿಯಮವೊಂದನ್ನು ಓದಿಸಿದರು: ತ್ಸೆದಾಕಾದಿಂದಲೇ ಬದುಕುವ ಬಡವನೂ ತ್ಸೆದಾಕಾ ಕೊಡಬೇಕು. “ಅವರ ಪಾಲನ್ನು ನೀನು ಕಸಿದುಕೊಳ್ಳಬಹುದೇ?” ಎಂದಷ್ಟೇ ಕೇಳಿದರು. ಹುಡುಗನ ಮುಖ ಕೆಂಪಾಯಿತು. ನನ್ನದೂ ಆಗಿದ್ದೀತು. ಆ ಅಜ್ಜಿಯನ್ನು ಎಷ್ಟೋ ಸಲ ನಾನೇ ಕೂರಿಸಿದ್ದೆ.

ಕೆಲಸದ ನಂತರದ ಈ ಅರ್ಧ ಗಂಟೆಯೇ ನಿಜವಾದ ಪಾಠ ಎಂದು ನನಗೆ ಅನ್ನಿಸುತ್ತದೆ. ಹದಿಮೂರು ತುಂಬಿದಾಗ ನಡೆಯುವ ಬಾರ್ ಮಿತ್ಸ್ವಾ ಸಂಸ್ಕಾರಕ್ಕೆ ಮುನ್ನ ಮಕ್ಕಳು ಒಂದು ಸೇವಾಕಾರ್ಯ ಮಾಡಬೇಕೆಂದು ಇಲ್ಲಿನ ಅನೇಕ ಸಿನಗಾಗ್‌ಗಳು ಹೇಳುತ್ತವೆ. ಗಂಟೆಗಳ ಲೆಕ್ಕ ಬರೆದು, ಫೋಟೊ ತೆಗೆಸಿಕೊಂಡು, ಮತ್ತೆ ಮುಖ ತೋರಿಸದ ಮಕ್ಕಳನ್ನೂ ಕಂಡಿದ್ದೇನೆ. ಅವರನ್ನು ದೂರಲಾರೆ. ಓದು, ಚರ್ಚೆ ಇಲ್ಲದಿದ್ದರೆ ಯಾರಿಗಾದರೂ ಅದು ಪೆಟ್ಟಿಗೆ ಹೊರುವ ಕೆಲಸವೇ.

ಮೈಮೊನಿಡೀಸ್ ಕೊಡುವುದರಲ್ಲಿ ಎಂಟು ಮೆಟ್ಟಿಲುಗಳನ್ನು ಗುರುತಿಸಿದ್ದಾರೆ. ಗೊಣಗುತ್ತಾ ಕೊಡುವುದು ತೀರಾ ಕೆಳಗಿನದು. ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಟ್ಟು ಇನ್ನೊಬ್ಬರ ಮುಂದೆ ಕೈಚಾಚದಂತೆ ಮಾಡುವುದು ಎಲ್ಲಕ್ಕಿಂತ ಮೇಲಿನದು. “ನಾವು ಯಾವ ಮೆಟ್ಟಿಲಲ್ಲಿದ್ದೇವೆ?” ಎಂದು ಮಕ್ಕಳು ಜಗಳವಾಡುತ್ತಾರೆ. ಆ ಜಗಳದಿಂದಲೇ ನಮ್ಮ ಪ್ಯಾಂಟ್ರಿಯಲ್ಲಿ ಹೆಸರು ಕೂಗಿ ಕರೆಯುವುದು ನಿಂತಿತು. ಮೊದಲೇ ಕಟ್ಟಿಟ್ಟ ಚೀಲದ ಬದಲು, ಅಂಗಡಿಯಲ್ಲಿ ಆರಿಸಿಕೊಳ್ಳುವಂತೆ ಕಪಾಟಿನಿಂದ ಬೇಕಾದದ್ದನ್ನು ತೆಗೆದುಕೊಳ್ಳುವ ಪದ್ಧತಿಯೂ ಬಂತು.

ಆ ಅಜ್ಜಿ ಈಗಲೂ ಬರುತ್ತಾರೆ. ಪೆಟ್ಟಿಗೆಯ ಟೇಪ್ ಕತ್ತರಿಸುವ ಕತ್ತರಿಯನ್ನು ಆ ಹುಡುಗನೇ ತಂದು ಅವರ ಕೈಗೆ ಕೊಡುತ್ತಾನೆ.