ಕೂಲಿ ಮನೆಯ ಹುಡುಗ ಗಾಲ್ಫ್ ಆಡಬಹುದೆ? ಬೇಗ ಪ್ರೊಫೆಷನಲ್ ಆಗುವುದೇ ಒಳ್ಳೆಯದೆ?

ಸರ್, ಕಲಬುರಗಿಯ ಮನೆ, ಹದಿನಾರು ವರ್ಷದ ಮಗ, ಬೆಂಗಳೂರಿನಲ್ಲಿ ಮಾವನ ಹತ್ತಿರ ಇದ್ದು ಕ್ಯಾಡಿ ಕೆಲಸ (ಗಾಲ್ಫ್ ಆಡುವವರ ಬ್ಯಾಗು ಹೊರುವುದು), ಕೈ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ಮನೆಯಲ್ಲಿ ಸಾಲ. ನಿಮ್ಮ ಪ್ರಶ್ನೆ ಓದುತ್ತ ಇದನ್ನು ನಾನೇ ಬರೆದೆನೇನೋ ಅನ್ನಿಸಿತು.

ನಮ್ಮದು ಶಹಾಪುರ ತಾಲೂಕಿನ ಹಳ್ಳಿ. ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ಎಲ್ಲ ಗುಲಬರ್ಗಾಕ್ಕೇ ಸೇರಿತ್ತು. 2002ರ ಬರದಲ್ಲಿ ಅಪ್ಪ, ಅವ್ವ, ಅಕ್ಕ, ಎಂಟು ವರ್ಷದ ನಾನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಗುಳೆ ಹೋದೆವು. ಎರಡು ವರ್ಷ ಕಟ್ಟಡದ ಕೆಲಸ. ಆಮೇಲೆ ಊರ ಹೊರಗಿನ ಒಂದು ಗಾಲ್ಫ್ ಮೈದಾನದಲ್ಲಿ ಅಪ್ಪನಿಗೆ ಹುಲ್ಲು ಕತ್ತರಿಸುವ ಕೆಲಸ ಸಿಕ್ಕಿತು. ನಾನು ಮೊದಲು ಚೆಂಡು ಹೆಕ್ಕಿದೆ, ಹನ್ನೆರಡಕ್ಕೆ ಬ್ಯಾಗು ಹೊತ್ತೆ. ಒಬ್ಬ ಸಾಹೇಬರು ಹಳೆಯ ಏಳನೇ ನಂಬರಿನ ಐರನ್, ಅಂದರೆ ಚೆಂಡು ಹೊಡೆಯುವ ಕೋಲು, ಕೊಟ್ಟರು. ಸಂಕ್ರಾಂತಿಗೆ ಊರಿಗೆ ಬಂದಾಗ ಅದನ್ನೂ ತರುತ್ತಿದ್ದೆ. ತೊಗರಿ ಕೊಯ್ದ ಎರೆ ಹೊಲದಲ್ಲಿ ಹೊಡೆದರೆ ಚೆಂಡು ಬಿರುಕಿನೊಳಗೆ ಹೋಗಿಬಿಡುತ್ತಿತ್ತು. ಅವ್ವ ತೊಗರಿ ಕಟ್ಟಿಗೆಯಿಂದ ಕೆದಕಿ ತೆಗೆದುಕೊಡುತ್ತಿದ್ದಳು. ಮೂರೇ ಚೆಂಡು ಇದ್ದವು, ಕಳೆಯುವ ಹಾಗಿರಲಿಲ್ಲ.

ಹದಿನೈದಕ್ಕೆ ಅಮೆಚೂರ್, ಅಂದರೆ ಹಣಕ್ಕಾಗಿ ಆಡದವರ, ಟೂರ್ನಮೆಂಟ್ ಆಡತೊಡಗಿದೆ. ಅದೇ ಸಾಹೇಬರು ಎಂಟ್ರಿ ಫೀ ಕಟ್ಟುತ್ತಿದ್ದರು. ಇಂಡಿಯನ್ ಗಾಲ್ಫ್ ಯೂನಿಯನ್ ನಡೆಸುವ ಜೂನಿಯರ್ ಪಂದ್ಯಗಳಲ್ಲಿ ನನ್ನ ಹೆಸರು ಮೇಲೇರುತ್ತಿತ್ತು.

ಇನ್ನು ನನ್ನ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

2011. ಅಕ್ಕನ ಮದುವೆ ಸಾಲ ಮನೆಯಲ್ಲಿ ಕೂತಿತ್ತು. ಅಪ್ಪ ಒಂದಿನ ರಾತ್ರಿ, 'ತಮ್ಮಾ, ನಿನ್ನ ಆಟದಾಗ ಏನರ ರೊಕ್ಕ ಬರ್ತದೇನು?' ಅಂದರು. ಅದಕ್ಕೂ ಮೊದಲು ಅವರು ನನ್ನನ್ನು ಏನೂ ಕೇಳಿರಲಿಲ್ಲ. ಮರುವಾರವೇ ಒಂದು ಟೂರ್ನಮೆಂಟ್ ಇತ್ತು, ಎರಡನೇ ಬಹುಮಾನ 25,000 ರೂಪಾಯಿ ನಗದು. ಫಾರ್ಮ್ ಇಂಗ್ಲಿಷಿನಲ್ಲಿತ್ತು. ಕೊನೆಯಲ್ಲಿ ಒಂದು ಸಾಲು: ಅಮೆಚೂರ್ ಆಟಗಾರನಾದವನು ನಗದು ಬಹುಮಾನದ ಹಕ್ಕನ್ನು ಆಟಕ್ಕೆ ಮೊದಲೇ ಬಿಟ್ಟುಕೊಟ್ಟು ಇಲ್ಲಿ ಸಹಿ ಮಾಡಬೇಕು. ಆ ಜಾಗ ಖಾಲಿ ಬಿಟ್ಟೆ. ಅರ್ಥವಾಗದೆ ಬಿಟ್ಟೆ ಅಂತ ಬಹಳ ವರ್ಷ ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹಾಗಲ್ಲ. ಅರ್ಧ ಅರ್ಥವಾಗಿತ್ತು. ಯಾರನ್ನಾದರೂ ಕೇಳಿದರೆ 'ಬೇಡ' ಅಂದಾರು ಅಂತ ಹೆದರಿ ಯಾರನ್ನೂ ಕೇಳಲಿಲ್ಲ. ಸಾಹೇಬರು ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ಎರಡನೆಯವನಾದೆ. ಲಕೋಟೆ ತಂದು ಅಪ್ಪನ ಕೈಗಿಟ್ಟೆ.

ಮುಂದಿನ ತಿಂಗಳು ಅಮೆಚೂರ್ ಪಂದ್ಯದ ನನ್ನ ಎಂಟ್ರಿ ವಾಪಸ್ ಬಂತು. ಆಗಿನ ನಿಯಮದಲ್ಲಿ ಅಮೆಚೂರ್ ಆದವನು ನಗದಿಗಾಗಿ ಆಡುವಂತೆಯೇ ಇರಲಿಲ್ಲ. ಅಮೆಚೂರ್ ಸ್ಥಾನ ಮರಳಿ ಕೊಡಿ ಎಂದು ಅರ್ಜಿ ಹಾಕಿ, ಹೇಳಿದಷ್ಟು ದಿನ ಕಾಯುವ ದಾರಿ ಇತ್ತು. ಅದನ್ನೂ ಕೇಳಲಿಲ್ಲ. ನಾಚಿಕೆಯಿಂದ ಸಾಹೇಬರಿಗೆ ಮುಖ ತೋರಿಸಲಿಲ್ಲ. 'ಹೆಂಗೂ ಹೋಯ್ತು, ಪ್ರೊಫೆಷನಲ್ಲೇ ಆಗೋಣ' ಅಂದುಕೊಂಡು ಹದಿನೆಂಟಕ್ಕೆ ಪ್ರೊಫೆಷನಲ್ ಪಂದ್ಯಗಳಿಗೆ ಆರಿಸುವ ಅರ್ಹತಾ ಸುತ್ತಿಗೆ ಹೋದೆ. ಎರಡು ಸಲ ಹೋದೆ, ಎರಡು ಸಲವೂ ಸೋತೆ. ಮೂರಡಿ ದೂರದಿಂದ ಚೆಂಡನ್ನು ಗುಂಡಿಗೆ ಉರುಳಿಸಲು ನಿಂತಾಗ ನನಗೆ ಗುಂಡಿ ಕಾಣುತ್ತಿರಲಿಲ್ಲ, ಊರಿನ ಬಡ್ಡಿ ಲೆಕ್ಕ ಕಾಣುತ್ತಿತ್ತು. ಈಗ ಶಹಾಬಾದ ಕಲ್ಲು ಪಾಲಿಶ್ ಮಾಡುವ ಕಡೆ ಲೆಕ್ಕ ಬರೆಯುತ್ತೇನೆ.

ಅದಕ್ಕೇ ಹೇಳುತ್ತೇನೆ, ನೀವು ಕೇಳಿದ ಎರಡು ಪ್ರಶ್ನೆಗಳೂ ಸರಿಯಿಲ್ಲ.

ಮನೆತನದ ಮಾತು ಬಿಡಿ. ಅಲಿ ಶೇರ್ ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿ ಆಗಿದ್ದವರು, 1991ರಲ್ಲಿ ಇಂಡಿಯನ್ ಓಪನ್ ಅನ್ನುವ ದೊಡ್ಡ ಟೂರ್ನಮೆಂಟ್ ಗೆದ್ದ ಮೊದಲ ಭಾರತೀಯ. ಗಾಲ್ಫ್ ಆಟಗಾರ ಚೌರಾಸಿಯಾ ಅವರ ತಂದೆ ಕೋಲ್ಕತ್ತದ ಕ್ಲಬ್ಬೊಂದರಲ್ಲಿ ನನ್ನಪ್ಪನ ಹಾಗೆ ಹುಲ್ಲು ನೋಡಿಕೊಳ್ಳುತ್ತಿದ್ದವರು. ಮಗ 2016, 2017 ಎರಡೂ ವರ್ಷ ಅದೇ ಓಪನ್ ಗೆದ್ದರು. ಪ್ರೊಫೆಷನಲ್ ಆಟಗಾರ ನಮ್ಮ ಚಿಕ್ಕರಂಗಪ್ಪ ಬಿಡದಿ ಹತ್ತಿರದ ಹಳ್ಳಿಯವರು. ಕೂಲಿ ಮನೆ ಅಂತ ಚೆಂಡು ಗುಂಡಿಗೆ ಬೀಳದೆ ಇರುವುದಿಲ್ಲ.

'ಬೇಗ ಪ್ರೊಫೆಷನಲ್ ಆದರೆ ಸಂಪಾದನೆ' ಅನ್ನುವುದಂತೂ ಪೂರ್ತಿ ತಪ್ಪು. ಅದು ನೌಕರಿ ಅಲ್ಲ, ಸಂಬಳ ಇಲ್ಲ. ರೈಲು ಚಾರ್ಜು, ರೂಮು, ಊಟ, ಎಂಟ್ರಿ ಫೀ, ಕ್ಯಾಡಿಯ ಕೂಲಿ ಎಲ್ಲ ಕೈಯಿಂದ ಹಾಕಿ ಹೋಗಬೇಕು. ಸಾಮಾನ್ಯವಾಗಿ ಎರಡು ದಿನದ ಆಟ ಮುಗಿದ ಮೇಲೆ ಕಟ್ ಅಂತ ಗೆರೆ ಎಳೆಯುತ್ತಾರೆ. ಆ ಗೆರೆಯೊಳಗೆ ಬರದವನಿಗೆ ಒಂದು ರೂಪಾಯಿಯೂ ಇಲ್ಲ. ಅಮೆಚೂರ್ ಹುಡುಗ ಕಟ್ ತಪ್ಪಿದರೆ ಪಾಠ ಕಲಿತು ಮನೆಗೆ ಬರುತ್ತಾನೆ. ಪ್ರೊಫೆಷನಲ್ ಕಟ್ ತಪ್ಪಿದರೆ ಸಾಲ ಹೊತ್ತು ಬರುತ್ತಾನೆ.

ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಹದಿನೇಳಕ್ಕೇ ಪ್ರೊಫೆಷನಲ್ ಆದಳಲ್ಲ ಅಂತೀರಿ. ಅವಳು ಅಮೆಚೂರ್ ಆಗಿದ್ದಾಗ ಏನು ಮಾಡಿದ್ದಳು ನೋಡಿ. 2015ರಲ್ಲಿ ಬ್ರಿಟಿಷ್ ಮಹಿಳಾ ಅಮೆಚೂರ್ ಸ್ಟ್ರೋಕ್ ಪ್ಲೇ ಟೂರ್ನಮೆಂಟ್ ಗೆದ್ದಳು, ವರ್ಷದ ಕೊನೆಗೆ ಯುರೋಪಿನ ಅರ್ಹತಾ ಸುತ್ತಿನಲ್ಲಿ ಮೊದಲ ಸ್ಥಾನ ಪಡೆದಳು, 2016ರ ಜನವರಿಯಲ್ಲಿ ಪ್ರೊಫೆಷನಲ್ ಆದಳು, ಆ ವರ್ಷವೇ ಮಹಿಳೆಯರ ಇಂಡಿಯನ್ ಓಪನ್ ಗೆದ್ದಳು. ರಿಯೋ ಒಲಿಂಪಿಕ್ಸಿನಲ್ಲಿ ಅವಳ ಬ್ಯಾಗು ಹೊತ್ತವರು ಅಪ್ಪ, ಟೋಕಿಯೋದಲ್ಲಿ ನಾಲ್ಕನೆಯವಳಾದಾಗ ಹೊತ್ತವರು ಅಮ್ಮ. ನನಗೆ ಅದರಲ್ಲಿ ಅವರ ಹಣ ಕಾಣುವುದಿಲ್ಲ. ಪಕ್ಕದಲ್ಲೇ ಇದ್ದು ಎಲ್ಲ ನೋಡಿಕೊಂಡ ಮನೆಯವರು ಕಾಣುತ್ತಾರೆ.

ಈಗ ನಿಯಮ ಸ್ವಲ್ಪ ಸಡಿಲ. 2022ರಿಂದ ಅಮೆಚೂರ್ ಆಟಗಾರ 1,000 ಡಾಲರ್ ಮೀರದ ಬಹುಮಾನ ತೆಗೆದುಕೊಳ್ಳಬಹುದು. ಆದರೆ ಪ್ರೊಫೆಷನಲ್ ಅಂತ ಹೆಸರು ಬರೆಸಿ ಒಂದು ಪಂದ್ಯ ಆಡಿದರೂ ಮುಗಿಯಿತು. ಕ್ಯಾಡಿ ಕೂಲಿಗೆ ಯಾವ ಅಡ್ಡಿಯೂ ಇಲ್ಲ, ಧೈರ್ಯವಾಗಿ ದುಡಿಯಲಿ. ಹಣ ತಗೊಂಡು ಬೇರೆಯವರಿಗೆ ಆಟ ಕಲಿಸುವುದು ಮಾತ್ರ ಬೇಡ, ಅದರಿಂದಲೂ ಅಮೆಚೂರ್ ಸ್ಥಾನ ಹೋಗುತ್ತದೆ.

ಸಾಲದ ಮಾತು ಅವನ ಎದುರಿಗೆ ಆಡಬೇಡಿ ಸರ್, ಕೈ ಮುಗಿದು ಕೇಳುತ್ತೇನೆ. ನನ್ನಪ್ಪನ ತಪ್ಪಿರಲಿಲ್ಲ, ಕೇಳಿದ್ದು ಒಂದೇ ಮಾತು. ಆದರೆ ಅದು ಇನ್ನೂ ನನ್ನ ಕಿವಿಯಲ್ಲಿದೆ. ಆ 25,000 ರೂಪಾಯಿ ಸಾಲದ ಕಾಲು ಭಾಗವನ್ನೂ ತೀರಿಸಲಿಲ್ಲ.

ನಿಮ್ಮ ಹುಡುಗ ಯಾವುದೋ ನಗದು ಬಹುಮಾನದ ಟೂರ್ನಮೆಂಟಿಗೆ ಹೆಸರು ಕೊಡುವವನಿದ್ದಾನೆ ಅಂದಿರಲ್ಲ, ಆ ಫಾರ್ಮಿನಲ್ಲಿ ಏನಿದೆ ಅಂತ ಒಂದೊಂದು ಸಾಲೂ ಬಿಡದೆ ಇಲ್ಲಿ ಕೆಳಗೆ ಬರೆಯಿರಿ. ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಸಹಿ ಮಾಡಬೇಡ ಅಂತ ಇವತ್ತು ರಾತ್ರಿಯೇ ಅವನಿಗೆ ಫೋನ್ ಮಾಡಿ.