ಒಂದೇ ಕೋಣೆಯ ಎರಡು ಕಂಪ್ಯೂಟರ್, ನಡುವೆ ಕಂಪನಿಯ ಸರ್ವರ್ ಯಾಕೆ?

ಪ್ರಶ್ನೆ: ನಾನೂ ನನ್ನ ತಮ್ಮನೂ ಒಂದೇ ಕೋಣೆಯಲ್ಲಿ ಕೂತು ಆಡುತ್ತೇವೆ. ಎರಡೂ ಕಂಪ್ಯೂಟರ್ ಒಂದೇ ವೈಫೈನಲ್ಲಿವೆ. ಆದರೂ ನೆಟ್ ಹೋದ ತಕ್ಷಣ ಆಟ ನಿಂತುಬಿಡುತ್ತದೆ. ಹಳೇ ಸ್ಟಾರ್‌ಕ್ರಾಫ್ಟ್‌ನಲ್ಲಿ ಹೀಗಿರಲಿಲ್ಲ. ಹೊಸ ಆಟಗಳಲ್ಲಿ ಲ್ಯಾನ್ (ಇಂಟರ್ನೆಟ್ ಇಲ್ಲದೆ, ಮನೆಯೊಳಗಿನ ಕಂಪ್ಯೂಟರ್‌ಗಳನ್ನೇ ಜೋಡಿಸಿ ಆಡುವ ಸೌಲಭ್ಯ) ಇಡೋದು ಅಷ್ಟು ಕಷ್ಟವಾ?

ಉತ್ತರ: ಕಷ್ಟ ಅಂತ ತೆಗೆದದ್ದಲ್ಲ, ಬೇಡ ಅಂತ ತೆಗೆದದ್ದು. 1993ರಲ್ಲಿ ಬಂದ ಡೂಮ್‌ನಲ್ಲೇ ನಾಲ್ಕು ಜನ ಲ್ಯಾನ್‌ನಲ್ಲಿ ಆಡಬಹುದಿತ್ತು. ಅದು ನಡೆಯುವ ರೀತಿ ಸರಳ. ಒಂದು ಕಂಪ್ಯೂಟರ್ ‘ಇಲ್ಲೊಂದು ಆಟ ತೆರೆದಿದೆ’ ಅಂತ ಆ ನೆಟ್‌ವರ್ಕ್‌ನಲ್ಲಿರುವ ಎಲ್ಲಕ್ಕೂ ಕೂಗಿ ಹೇಳುತ್ತದೆ, ಉಳಿದವು ಅದನ್ನು ಕೇಳಿಸಿಕೊಂಡು ಪಟ್ಟಿಯಲ್ಲಿ ತೋರಿಸುತ್ತವೆ, ನೀವು ಒತ್ತಿದರೆ ಆಟ ಶುರು. ಹೊರಗಿನವರು ಯಾರೂ ಬೇಕಿಲ್ಲ. 1998ರ ಸ್ಟಾರ್‌ಕ್ರಾಫ್ಟ್ ಇನ್ನೂ ಉದಾರವಾಗಿತ್ತು. ಗೆಳೆಯರ ಕಂಪ್ಯೂಟರ್‌ಗಳಲ್ಲಿ ಮಲ್ಟಿಪ್ಲೇಯರ್ ಮಾತ್ರ ಆಡುವಂಥ ಒಂದು ಕಾಪಿಯನ್ನು ನಿಮ್ಮ ಸಿ.ಡಿ.ಯಿಂದಲೇ ಹಾಕಿಕೊಡಬಹುದಿತ್ತು. ಅದಕ್ಕೆ ‘ಸ್ಪಾನ್’ ಅನ್ನುತ್ತಿದ್ದರು, ಕಂಪನಿಯೇ ಕೊಟ್ಟ ಸೌಲಭ್ಯ ಅದು.

ಆಮೇಲೆ ಆದ ಬದಲಾವಣೆ ಏನೆಂದರೆ, ಆಟದ ಸುತ್ತಲಿನ ಎಲ್ಲವೂ ಅಕೌಂಟ್‌ಗೆ ಸೇರಿಕೊಂಡಿತು. ನಿಮ್ಮ ರ‍್ಯಾಂಕ್, ಗೆಳೆಯರ ಪಟ್ಟಿ, ದುಡ್ಡು ಕೊಟ್ಟು ಕೊಂಡ ಸ್ಕಿನ್ (ಪಾತ್ರ, ಆಯುಧಗಳ ಅಲಂಕಾರ), ಮೋಸ ಮಾಡಿದವರ ಮೇಲಿನ ಬ್ಯಾನ್, ಎಲ್ಲವೂ ಕಂಪನಿಯ ಸರ್ವರ್‌ನಲ್ಲಿ. ಲ್ಯಾನ್ ಅಂದರೆ ಆ ಕಂಪನಿಯ ಕಣ್ಣಿಗೆ ಬೀಳದ ಆಟ. ಅಲ್ಲಿ ಯಾರು ಆಡಿದರು, ಎಷ್ಟು ಹೊತ್ತು ಆಡಿದರು, ಅವರ ಹತ್ತಿರ ಇದ್ದದ್ದು ಕೊಂಡ ಕಾಪಿಯಾ, ಯಾವುದೂ ಗೊತ್ತಾಗುವುದಿಲ್ಲ. ಸ್ಕಿನ್ ಮಾರಿ ನಡೆಯುವ ಆಟಕ್ಕಂತೂ ಇದು ದೊಡ್ಡ ತಲೆನೋವು. ರ‍್ಯಾಂಕಿನ ಪಂದ್ಯಕ್ಕೆ ಸರ್ವರ್ ಬೇಕು, ಅದನ್ನು ನಾನು ಒಪ್ಪುತ್ತೇನೆ. ಅಣ್ಣ ತಮ್ಮ ಒಂದು ಮೇಜಿನ ಎರಡು ಬದಿಗೆ ಕೂತು ಆಡೋಕೆ ಯಾಕೆ ಬೇಕು? ಇದಕ್ಕೆ ಒಪ್ಪುವಂಥ ಉತ್ತರ ನನಗೆ ಇದುವರೆಗೂ ಸಿಕ್ಕಿಲ್ಲ. ಮೈನ್‌ಕ್ರಾಫ್ಟ್‌ಗೆ 2012ರಲ್ಲಿ, ಆಟ ಬಂದ ಮೇಲೆ, ‘ಓಪನ್ ಟು ಲ್ಯಾನ್’ ಅನ್ನೋ ಬಟನ್ ಸೇರಿಸಿದರು. ಮನಸ್ಸಿದ್ದರೆ ಆಗುತ್ತದೆ.

ಪ್ರಶ್ನೆ: ಪೈರಸಿ ತಡೆಯೋಕೆ ಅಂತ ಕಂಪನಿಗಳು ಹೇಳುತ್ತವಲ್ಲ, ಅದು ಸುಳ್ಳಾ?

ಉತ್ತರ: ಸುಳ್ಳಲ್ಲ. ಸ್ಟಾರ್‌ಕ್ರಾಫ್ಟ್ 2ರಲ್ಲಿ ಲ್ಯಾನ್ ಇರುವುದಿಲ್ಲ ಅಂತ ಅದರ ಕಂಪನಿ ಬ್ಲಿಜಾರ್ಡ್ 2009ರಲ್ಲೇ ಹೇಳಿತ್ತು, ಕೊಟ್ಟ ಕಾರಣಗಳಲ್ಲಿ ಪೈರಸಿಯೂ ಒಂದು. ಹಿನ್ನೆಲೆಯೂ ಇತ್ತು. ಹಮಾಚಿಯಂಥ ಸಾಫ್ಟ್‌ವೇರ್ ಬಂದ ಮೇಲೆ ದೂರದೂರದ ಕಂಪ್ಯೂಟರ್‌ಗಳನ್ನು ಒಂದೇ ಮನೆಯಲ್ಲಿದ್ದಂತೆ ಜೋಡಿಸಬಹುದಾಯಿತು. ಕದ್ದ ಕಾಪಿ ಇಟ್ಟುಕೊಂಡವರೂ ಲ್ಯಾನ್ ಬಾಗಿಲಿನಿಂದ ಒಳಗೆ ಬಂದು ಮಲ್ಟಿಪ್ಲೇಯರ್ ಆಡತೊಡಗಿದರು. ಅದು ನಿಜವಾದ ನಷ್ಟವೇ.

ಆದರೆ ಪೆಟ್ಟು ಬಿದ್ದದ್ದು ದುಡ್ಡು ಕೊಟ್ಟವರಿಗೆ. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಬಂದಾಗ ದೊಡ್ಡ ಟೂರ್ನಮೆಂಟ್‌ಗಳಲ್ಲೂ ಇಬ್ಬರು ಆಟಗಾರರು ಒಂದೇ ವೇದಿಕೆಯ ಮೇಲೆ ಕೂತಿರುತ್ತಿದ್ದರು, ಪಂದ್ಯ ಮಾತ್ರ ಬ್ಲಿಜಾರ್ಡ್‌ನ ಆನ್‌ಲೈನ್ ಸೇವೆ ಬ್ಯಾಟಲ್‌ನೆಟ್ ಮೂಲಕ ನಡೆಯಬೇಕಿತ್ತು. ನಡುವೆ ಸಂಪರ್ಕ ಕಡಿದರೆ ಗೆಲ್ಲುತ್ತಿದ್ದವನ ಶ್ರಮವೆಲ್ಲ ನೀರುಪಾಲು. ಕೊನೆಗೆ ಅದೇ ಆಟದ ಮುಂದಿನ ಭಾಗವಾದ 2013ರ ‘ಹಾರ್ಟ್ ಆಫ್ ದಿ ಸ್ವಾರ್ಮ್’ನಲ್ಲಿ, ನಿಂತ ಪಂದ್ಯವನ್ನು ಅದರ ದಾಖಲೆಯಾದ ರಿಪ್ಲೇ ಫೈಲ್‌ನಿಂದ ಮತ್ತೆ ಮುಂದುವರಿಸುವ ಸೌಲಭ್ಯ ತಂದರು. ಒಳ್ಳೆಯದೇ ಮಾಡಿದರು. ಲ್ಯಾನ್ ಇದ್ದಿದ್ದರೆ ಎಷ್ಟೋ ಪಂದ್ಯಗಳಲ್ಲಿ ಅದರ ಅಗತ್ಯವೇ ಬೀಳುತ್ತಿರಲಿಲ್ಲ ಅಲ್ವಾ? ಕಾಪಿ ಅಸಲಿಯಾ ಅಂತ ಒಂದು ಸಲ ನೆಟ್‌ನಲ್ಲಿ ಪರೀಕ್ಷಿಸಿ, ಆಮೇಲೆ ಒಂದಷ್ಟು ದಿನ ಲ್ಯಾನ್ ಆಡೋಕೆ ಬಿಡಬಹುದು. ಪೈರಸಿಗೂ ತಡೆ, ಕೊಂಡವರಿಗೂ ನೆಮ್ಮದಿ. ಇಂಥ ನಡುದಾರಿ ಇದ್ದಾಗ ಪೂರ್ತಿ ಬಾಗಿಲು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಡಯಾಬ್ಲೊ 2ರ ಹೊಸ ರೂಪದಲ್ಲಿ ಸುರಕ್ಷತೆಗಾಗಿ ಲ್ಯಾನ್ ಕೈಬಿಟ್ಟೆವು ಅಂದರಂತೆ. ನಂಬಬಹುದಾ?

ಉತ್ತರ: ನಂಬಬಹುದು, ಅರ್ಧದಷ್ಟು. 2000ದ ಡಯಾಬ್ಲೊ 2ರಲ್ಲಿ ‘ಟಿಸಿಪಿ/ಐಪಿ ಗೇಮ್’ ಅನ್ನೋ ಆಯ್ಕೆ ಇತ್ತು, ಇನ್ನೊಬ್ಬರ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ಗುರುತಿನ ಸಂಖ್ಯೆ) ಹೊಡೆದು ನೇರವಾಗಿ ಸೇರಬಹುದಿತ್ತು. 2021ರ ‘ರಿಸರೆಕ್ಟೆಡ್’ನಲ್ಲಿ ಅದು ಇರುತ್ತದೆ ಅಂತ ಮೊದಲು ಹೇಳಿ, ಬಿಡುಗಡೆಗೆ ಮುಂಚೆ ಸುರಕ್ಷತೆಯ ಕಾರಣ ಕೊಟ್ಟು ತೆಗೆದರು. ಇಪ್ಪತ್ತು ವರ್ಷ ಹಳೆಯ ನೆಟ್‌ವರ್ಕ್ ಕೋಡ್‌ನಲ್ಲಿ ತೂತುಗಳಿರುವುದು ಸಹಜ. ಬೇರೆಯವರು ಕಳಿಸಿದ ಮಾಹಿತಿಯನ್ನು ಸರಿಯಾಗಿ ಪರೀಕ್ಷಿಸದೆ ತೆಗೆದುಕೊಳ್ಳುವ ಕೋಡ್ ನಿಮ್ಮ ಕಂಪ್ಯೂಟರ್‌ಗೇ ಅಪಾಯ ತರಬಹುದು. ಅಷ್ಟು ನಿಜ. ಆದರೆ ತೂತನ್ನು ಮುಚ್ಚಬಹುದಿತ್ತು, ಅಥವಾ ಆ ಆಯ್ಕೆಯನ್ನು ಮನೆಯೊಳಗಿನ ವಿಳಾಸಗಳಿಗಷ್ಟೇ ಸೀಮಿತ ಮಾಡಬಹುದಿತ್ತು. ಖರ್ಚು ಬೇಡ ಅಂತ ತೀರ್ಮಾನಿಸಿದ್ದರೆ ಅದನ್ನೇ ನೇರವಾಗಿ ಹೇಳಬೇಕಿತ್ತು ಅನ್ನೋದು ನನ್ನ ತಕರಾರು.

ಪ್ರಶ್ನೆ: ನೆಟ್ ಚೆನ್ನಾಗಿದ್ದರೆ ಲ್ಯಾನ್‌ಗೂ ಸರ್ವರ್‌ಗೂ ಏನು ವ್ಯತ್ಯಾಸ?

ಉತ್ತರ: ದೂರದ ವ್ಯತ್ಯಾಸ. ಕೇಬಲ್ ಹಾಕಿದ ಲ್ಯಾನ್‌ನಲ್ಲಿ ಪಿಂಗ್, ಅಂದರೆ ಸಂದೇಶ ಹೋಗಿ ಬರುವ ಸಮಯ, 1 ಮಿಲಿಸೆಕೆಂಡಿಗಿಂತ ಕಡಿಮೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾಗಿ ಸರ್ವರ್ 2,000 ಕಿ.ಮೀ. ದೂರ ಇದ್ದರೆ ಹೋಗಿ ಬರೋಕೇ 20 ಮಿಲಿಸೆಕೆಂಡು, ದಾರಿಯ ರೂಟರ್‌ಗಳ ವಿಳಂಬ ಬೇರೆ. ಎಷ್ಟು ದುಬಾರಿ ಪ್ಲ್ಯಾನ್ ಹಾಕಿಸಿಕೊಂಡರೂ ಇದು ತಪ್ಪುವುದಿಲ್ಲ.

ಪ್ರಶ್ನೆ: ಲ್ಯಾನ್ ಇರುವ ಹಳೇ ಆಟವೇ ನನ್ನ ಹತ್ತಿರ ಇದೆ. ಆದರೂ ಇನ್ನೊಂದು ಕಂಪ್ಯೂಟರ್ ಕಾಣಿಸುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆಟ ಯಾವ ಕಾಲದ್ದು ನೋಡಿ. ತೊಂಬತ್ತರ ದಶಕದ ಬಹಳಷ್ಟು ಆಟಗಳು ಐಪಿಎಕ್ಸ್ ಅನ್ನೋ ಪ್ರೋಟೋಕಾಲ್ (ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ರೀತಿ) ಬಳಸುತ್ತಿದ್ದವು, ವಿಂಡೋಸ್ ವಿಸ್ಟಾದಿಂದ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ವಿಂಡೋಸ್‌ಗೂ ಮುಂಚಿನ ಡಾಸ್ ಆಟವಾದರೆ, ಅಂಥವನ್ನು ಈಗಿನ ಕಂಪ್ಯೂಟರ್‌ನಲ್ಲಿ ನಡೆಸುವ ಡಾಸ್‌ಬಾಕ್ಸ್‌ನಲ್ಲೇ ಐಪಿಎಕ್ಸ್ ಸೌಲಭ್ಯ ಇದೆ. ವಿಂಡೋಸ್ ಆಟವಾದರೆ ಐಪಿಎಕ್ಸ್‌ರ‍್ಯಾಪರ್ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿ.

ಆಟ ಅಷ್ಟು ಹಳೆಯದಲ್ಲ ಅಂದರೆ ತೊಂದರೆ ಹೆಚ್ಚಾಗಿ ಫೈರ್‌ವಾಲ್‌ನದು, ಅಂದರೆ ಹೊರಗಿನ ಸಂಪರ್ಕ ತಡೆಯುವ ವಿಂಡೋಸ್‌ನ ಕಾವಲಿನದು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ನೆಟ್‌ವರ್ಕ್ ‘ಪಬ್ಲಿಕ್’ ಅಂತ ಇದ್ದರೆ ‘ಪ್ರೈವೇಟ್’ ಮಾಡಿ, ಆಟಕ್ಕೆ ಅನುಮತಿ ಕೊಡಿ. ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಸುಮ್ನೆ ಬಿಡಬೇಡಿ. ಒಂದು ಯಂತ್ರ ರೂಟರ್‌ನ ಗೆಸ್ಟ್ ವೈಫೈನಲ್ಲಿದ್ದರೂ ಇನ್ನೊಂದಕ್ಕೆ ಅದು ಕಾಣದು, ಗೆಸ್ಟ್ ನೆಟ್‌ವರ್ಕ್ ಮಾಡುವುದೇ ಬೇರ್ಪಡಿಸೋಕೆ. ಆಗಲೂ ಕಾಣದಿದ್ದರೆ, ಆಟದಲ್ಲಿ ಐಪಿ ಹೊಡೆದು ಸೇರುವ ಜಾಗ ಇದ್ದರೆ ಅದನ್ನು ಬಳಸಿ. ‘ಇಲ್ಲೊಂದು ಆಟ ತೆರೆದಿದೆ’ ಅನ್ನೋ ಆ ಕೂಗು ಕೇಳಿಸದಿದ್ದರೂ ನೇರ ಸಂಪರ್ಕ ಸಿಗಬಹುದು.

ಪ್ರಶ್ನೆ: ಕಂಪನಿ ಸರ್ವರ್ ಮುಚ್ಚಿದರೆ ನಾವು ಕೊಂಡ ಆಟದ ಗತಿ ಏನು?

ಉತ್ತರ: ಲ್ಯಾನ್ ಇದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಮೊದಲ ಎಕ್ಸ್‌ಬಾಕ್ಸ್ ಆಟಗಳ ಎಕ್ಸ್‌ಬಾಕ್ಸ್ ಲೈವ್ ಸೇವೆ 2010ರ ಏಪ್ರಿಲ್‌ನಲ್ಲಿ ನಿಂತಿತು. 2001ರ ಹೇಲೋ ಆಟವನ್ನು ಮಾತ್ರ ನಾಲ್ಕು ಯಂತ್ರಗಳನ್ನು ಕೇಬಲ್‌ನಲ್ಲಿ ಜೋಡಿಸಿ ಹದಿನಾರು ಜನ ಈಗಲೂ ಆಡಬಹುದು. ನಿಂಟೆಂಡೊ 3ಡಿಎಸ್‌ನ ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ ಮುಗಿಯಿತು, ಅಕ್ಕಪಕ್ಕ ಕೂತು ಆಡುವ ಲೋಕಲ್ ವೈರ್‌ಲೆಸ್ ಉಳಿದಿದೆ. ಇನ್ನೊಂದು ಕಡೆ ಯೂಬಿಸಾಫ್ಟ್‌ನ ‘ದಿ ಕ್ರೂ’. 2014ರ ಆ ಕಾರ್ ಆಟಕ್ಕೆ ಒಬ್ಬರೇ ಆಡೋಕೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು, ಆಟವೇ ಇಲ್ಲವಾಯಿತು.

ಅದರ ಮೇಲೆ ಹುಟ್ಟಿದ್ದೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನ. ಇದರ ಬೇಡಿಕೆಯನ್ನು ಹಲವರು ತಪ್ಪು ತಿಳಿದಿದ್ದಾರೆ. ಸರ್ವರ್ ಯಾವಾಗಲೂ ನಡೆಸಿ ಅಂತ ಅವರು ಕೇಳುತ್ತಿಲ್ಲ. ನಿಲ್ಲಿಸುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅನ್ನುತ್ತಿದ್ದಾರೆ, ಅಷ್ಟೇ. ಯುರೋಪಿಯನ್ ಒಕ್ಕೂಟದಲ್ಲಿ ಸಲ್ಲಿಸಿದ ಮನವಿಗೆ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿತು. ‘ದಿ ಕ್ರೂ 2’ಗೆ ಆಫ್‌ಲೈನ್ ಮೋಡ್ ಕೊಡುತ್ತೇವೆ ಅಂತ ಯೂಬಿಸಾಫ್ಟ್ 2024ರಲ್ಲೇ ಮಾತು ಕೊಟ್ಟಿತ್ತು. ಕೂಗಿದರೆ ಕೇಳಿಸುತ್ತದೆ ಅನ್ನೋದಕ್ಕೆ ನನಗೆ ಇದೇ ಸಾಕ್ಷಿ.

ಮುಂದಿನ ಸಲ ಆಟ ಕೊಳ್ಳುವಾಗ ಅಂಗಡಿ ಪುಟದಲ್ಲಿ ‘ಲ್ಯಾನ್ ಪಿವಿಪಿ’ (ಎದುರಾಳಿಗಳಾಗಿ ಆಡುವುದು) ಅಥವಾ ‘ಲ್ಯಾನ್ ಕೋ-ಆಪ್’ (ಜೊತೆಯಾಗಿ ಆಡುವುದು) ಅಂತ ಇದೆಯಾ ನೋಡಿ. ಸ್ಟೀಮ್ ಅನ್ನೋ ಆನ್‌ಲೈನ್ ಆಟದ ಅಂಗಡಿಯಲ್ಲಿ ಇದನ್ನು ಬೇರೆಯಾಗಿಯೇ ತೋರಿಸುತ್ತಾರೆ. ಕೊಂಡ ಮೊದಲ ದಿನವೇ ರೂಟರ್‌ನ ನೆಟ್ ಕೇಬಲ್ ಕಿತ್ತು ಆಡಿ ನೋಡಿ. ನಡೆಯದಿದ್ದರೆ ರೀಫಂಡ್ ಕೇಳಿ, ಕಾರಣದ ಜಾಗದಲ್ಲಿ ಲ್ಯಾನ್ ಇಲ್ಲ ಅಂತಲೇ ಬರೆಯಿರಿ.